ತೀರ್ಪೇ ಬಾರದ ಡೈನಮೈಟ್ ಕೇಸು

ಜಾರ್ಜ್ ಫರ್ನಾಂಡಿಸ್ ಯಾರು ಅಂತ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಹಿರಿಯರಿಗೆ ಹೇಳಬೇಕಿಲ್ಲ. 1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರದ ನಾಯಕ ಅವರು. ಆದರೆ ಅವರ ಮೇಲಿದ್ದ ಬರೋಡಾ ಡೈನಮೈಟ್ ಕೇಸಿನ ಬಗ್ಗೆ ನಮ್ಮ ಕಡೆಯ ಕಿರಿಯ ವಕೀಲರಿಗೆ ಜಾಸ್ತಿ ಗೊತ್ತಿಲ್ಲ. ಗೊತ್ತಿದ್ದವರಿಗೂ ನೆನಪಿರುವುದು ಸಂಕೋಲೆ ಬಿಗಿದ ಕೈ ಎತ್ತಿ ನಿಂತ ಆ ಫೋಟೊ ಮಾತ್ರ.

ಕಾನೂನಿನ ಕಣ್ಣಿಂದ ನೋಡಿದರೆ ಇದು ವಿಚಿತ್ರ ಕೇಸು. ಸರ್ಕಾರವನ್ನು ಹೆದರಿಸಲು ಸ್ಫೋಟಗಳ ಸಂಚು ಎಂಬ ಆರೋಪ. 25 ಆರೋಪಿಗಳು. ಸಿಬಿಐ ಚಾರ್ಜ್‌ಶೀಟ್. ಕೊನೆಗೆ ಒಂದೇ ದಿನದಲ್ಲಿ ಅರ್ಜಿ, ಅದೇ ದಿನ ಒಪ್ಪಿಗೆ, ಕೇಸು ವಾಪಸ್. ಅಪರಾಧ ಸಾಬೀತಾಯಿತು ಅಂತ ಯಾವ ಕೋರ್ಟೂ ಹೇಳಲಿಲ್ಲ, ಆಗಲಿಲ್ಲ ಅಂತಲೂ ಹೇಳಲಿಲ್ಲ. ಆದರೂ ಇದೇ ಕೇಸಿನಿಂದ ಹುಟ್ಟಿದ 1980ರ ಸುಪ್ರೀಂ ಕೋರ್ಟ್ ತೀರ್ಪನ್ನು ಇವತ್ತಿಗೂ ಹೈಕೋರ್ಟಿನ ಧಾರವಾಡ ಪೀಠದಿಂದ ದೆಹಲಿಯವರೆಗೆ ವಕೀಲರು ಎತ್ತಿ ಓದುತ್ತಾರೆ.

ಬರೋಡಾದ ಮದ್ದು

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸೋಷಲಿಸ್ಟ್ ಪಕ್ಷದ ಅಧ್ಯಕ್ಷರೂ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಮುಖಂಡರೂ ಆಗಿದ್ದ ಜಾರ್ಜ್ ಆಗ ಒಡಿಶಾದ ಗೋಪಾಲ್‌ಪುರದಲ್ಲಿದ್ದರು. ಸಮುದ್ರದ ದಂಡೆಯ ಊರು ಅದು. ಮೀನುಗಾರನ ವೇಷದಲ್ಲಿ ಅಲ್ಲಿಂದ ತಪ್ಪಿಸಿಕೊಂಡರು. ಮುಂದೆ ಸಿಖ್ಖರ ಹಾಗೆ ಗಡ್ಡ ಬಿಟ್ಟು, ರುಮಾಲು ಸುತ್ತಿ ಊರೂರು ತಿರುಗಿದರು. ಜುಲೈನಲ್ಲಿ ಬರೋಡಾ ಮುಟ್ಟಿದರು.

ಬರೋಡಾನೇ ಯಾಕೆ? ಗುಜರಾತಿನಲ್ಲಿ ಆಗ ಬಾಬುಭಾಯಿ ಪಟೇಲರ ಕಾಂಗ್ರೆಸ್ಸೇತರ ಸರ್ಕಾರ ಇತ್ತು. ಬೇರೆ ರಾಜ್ಯಗಳಷ್ಟು ಬಿಗಿ ಅಲ್ಲಿ ಇರಲಿಲ್ಲ. ಜೊತೆಗೆ ಹತ್ತಿರದ ಹಾಲೋಲ್ ಸುತ್ತ ಕಲ್ಲಿನ ಕ್ವಾರಿಗಳಿದ್ದವು. ಕ್ವಾರಿ ಇದ್ದಲ್ಲಿ ಬಂಡೆ ಸಿಡಿಸುವ ಮದ್ದು ಇರಲೇಬೇಕು. ಗದಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೈಸೆನ್ಸಿನ ಮೇಲೆ ಬರುವ ಮದ್ದಿನ ಲೆಕ್ಕ ಪುಸ್ತಕದಲ್ಲಿ ಒಂದು, ಗುಡ್ಡದ ಮೇಲೆ ಇನ್ನೊಂದು ಆಗುವ ಕಥೆ ನಮಗೆ ಗೊತ್ತಿರುವುದೇ.

ಅಲ್ಲಿ ಜಾರ್ಜ್ ಜೊತೆ ಸೇರಿದವರು ಬಾಂಬು ಕಟ್ಟಿ ಅನುಭವ ಇದ್ದವರಲ್ಲ. ಕಿರೀಟ್ ಭಟ್ ಮತ್ತು ಕೆ. ವಿಕ್ರಮ್ ರಾವ್ ಪತ್ರಕರ್ತರು. ವೀರೇನ್ ಶಾ ಉದ್ಯಮಿ. ಪ್ರಭುದಾಸ್ ಪಟವಾರಿ ವಕೀಲರು, ಗಾಂಧಿವಾದಿ. ಕರ್ನಾಟಕದ ಸಿ.ಜಿ.ಕೆ. ರೆಡ್ಡಿ ಪತ್ರಿಕಾ ಸಂಸ್ಥೆಗಳ ಆಡಳಿತ ನೋಡಿಕೊಂಡವರು, 50ರ ದಶಕದಲ್ಲಿ ರಾಜ್ಯಸಭೆಯಲ್ಲಿದ್ದವರು. ಹುಯಿಲಗೋಳ ಅಡ್ಡಹೆಸರಿನ ಒಬ್ಬ ಮಹಿಳೆಯೂ ಆರೋಪಿಗಳ ಪಟ್ಟಿಯಲ್ಲಿದ್ದರು. ಹುಯಿಲಗೋಳ ಅಂದರೆ ನಮ್ಮ ಗದಗ ಜಿಲ್ಲೆಯ ಊರಿನ ಹೆಸರು. ದೆಹಲಿಯ ಕೋರ್ಟಿನ ಕಾಗದದಲ್ಲಿ ಅದನ್ನು ಕಂಡರೆ ಇಲ್ಲಿಯವರಿಗೆ ಒಂದು ಕ್ಷಣ ಕಣ್ಣು ನಿಲ್ಲುತ್ತದೆ.

ಪ್ರಾಣಹಾನಿ ಮಾಡುವ ಉದ್ದೇಶ ಇರಲಿಲ್ಲ, ಹೆದರಿಕೆ ಹುಟ್ಟಿಸುವುದಷ್ಟೇ ಗುರಿ ಎಂಬುದು ಗುಂಪಿನವರ ಮಾತು. ರಾತ್ರಿ ಹೊತ್ತು ಸರ್ಕಾರಿ ಕಚೇರಿಗಳ ಶೌಚಾಲಯದಲ್ಲಿ, ಇಂದಿರಾ ಗಾಂಧಿ ಭಾಷಣ ಮಾಡುವ ಜಾಗದ ಹತ್ತಿರ, ಜನ ಸೇರುವ ಎಷ್ಟೋ ಹೊತ್ತಿಗೆ ಮುಂಚೆ ಸದ್ದು ಮಾಡಬೇಕು ಎಂಬ ಯೋಜನೆ. ರೈಲು ಹಳಿ ಮತ್ತು ಸೇತುವೆ ಕೂಡ ಆರೋಪದಲ್ಲಿದ್ದವು. ಇಲ್ಲಿ ನನ್ನ ಮಾತು ಒಂದಿದೆ. ಯಾರಿಗೂ ಪೆಟ್ಟಾಗದ ಹಾಗೆ ಮದ್ದು ಸಿಡಿಸುತ್ತೇವೆ ಎಂಬುದು ಸಿಡಿಸುವವನ ನಂಬಿಕೆ. ರಾತ್ರಿ ಪಾಳಿಯ ಗ್ಯಾಂಗ್‌ಮನ್ ಹಳಿ ಪಕ್ಕ ಲಾಟೀನು ಹಿಡಿದು ನಡೆಯುತ್ತಾನೆ, ಅವನನ್ನು ಯಾರೂ ಕೇಳಿರುವುದಿಲ್ಲ. ಅದೂ ರೈಲ್ವೆ ನೌಕರರ ನಾಯಕನ ಯೋಜನೆಯಲ್ಲಿ.

1976ರ ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ ಬಿದ್ದು ರಾಷ್ಟ್ರಪತಿ ಆಳ್ವಿಕೆ ಬಂತು. ಅದೇ ತಿಂಗಳು ಬರೋಡಾದಲ್ಲಿ ಪೊಲೀಸರು ಡೈನಮೈಟ್ ಹಿಡಿದರು. ಅಲ್ಲಿಂದ ಒಂದು ಎಳೆ ಸಿಕ್ಕಿ ಹಿಂದೆ ಹಿಂದೆ ಎಲ್ಲರೂ ಸಿಕ್ಕರು. ಜೂನ್ 10ರಂದು ಕಲ್ಕತ್ತಾದ ಚರ್ಚೊಂದರಲ್ಲಿ ಜಾರ್ಜ್ ಬಂಧನ ಆಯಿತು. ಯುರೋಪಿನ ಸೋಷಲಿಸ್ಟ್ ನಾಯಕರಾದ ವಿಲ್ಲಿ ಬ್ರಾಂಟ್, ಬ್ರೂನೊ ಕ್ರೈಸ್ಕಿ, ಓಲೋಫ್ ಪಾಲ್ಮೆ ಮಧ್ಯೆ ಬಂದು, ಈ ಮನುಷ್ಯನಿಗೆ ಏನೂ ಆಗಬಾರದು ಎಂದು ಇಂದಿರಾ ಗಾಂಧಿಗೆ ತಿಳಿಸಿದರು. ಜಾರ್ಜ್ ಜೀವಂತ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ಹೇಳುವವರಿದ್ದಾರೆ.

ಬೆಂಗಳೂರಿನ ಬೆಲೆ

ಈ ಕೇಸಿನ ಅತ್ಯಂತ ಕೆಟ್ಟ ಭಾಗ ನಡೆದದ್ದು ಕರ್ನಾಟಕದಲ್ಲಿ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಎಡಿಎಂ ಜಬಲ್‌ಪುರ್ ಕೇಸಿನಲ್ಲಿ ತೀರ್ಪು ಕೊಟ್ಟಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಂಧನ ತಪ್ಪು ಎಂದು ಹೈಕೋರ್ಟಿಗೆ ಹೋಗಲೂ ಬರುವುದಿಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮೂರು ದಿನ ಕಳೆದು, ಮೇ 1ರಂದು, ಜಾರ್ಜ್ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನ ಮನೆಯಿಂದ ಪೊಲೀಸರು ಎತ್ತಿಕೊಂಡು ಹೋದರು. ಅಣ್ಣ ಎಲ್ಲಿದ್ದಾನೆ ಹೇಳು ಎಂದು ಹೊಡೆದ ಹೊಡೆತಕ್ಕೆ ಅವರು ನಡೆಯಲಾರದಂತೆ ಆದರು. ಅವರ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆಯಬೇಕಾಯಿತು. ಇನ್ನೊಬ್ಬ ತಮ್ಮ ಮೈಕೆಲ್ ಆಗಲೇ, ವಿಚಾರಣೆ ಇಲ್ಲದೆ ಜೈಲಿನಲ್ಲಿಡುವ ಮೀಸಾ ಕಾಯ್ದೆಯಡಿ ಒಳಗಿದ್ದರು.

ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಮೇ ತಿಂಗಳಲ್ಲೇ ಹಿಡಿದರು. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು. ಆಸ್ತಮಾ ಇದ್ದವರು. 1977ರ ಜನವರಿ 15ರಂದು ಪರೋಲ್ ಮೇಲೆ ಹೊರಗೆ ಬಂದರು, 20ಕ್ಕೆ ತೀರಿಕೊಂಡರು. ಸಿಬಿಐ ಕೊನೆಗೆ ಸಲ್ಲಿಸಿದ 25 ಜನರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಇದನ್ನು ಮರುಕಕ್ಕಾಗಿ ಬರೆಯುತ್ತಿಲ್ಲ. ಕೇಸಿನ ಬಲಾಬಲ ತೂಗುವಾಗ ಇದು ಬೇಕು. ಪ್ರಾಸಿಕ್ಯೂಷನ್ ಕೈಯಲ್ಲಿ ಏನಿತ್ತು? ಹಿಡಿದ ಮದ್ದು. ಮಾಫಿ ಸಾಕ್ಷಿಗಳು. ತನಿಖೆಯಲ್ಲಿ ಬಾಯಿ ಬಿಡಿಸಿದ ಹೇಳಿಕೆಗಳು. ಇದರಲ್ಲಿ ಮೂರನೆಯದು ಆಗಿನ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಮುಂದೆ ನಿಲ್ಲುತ್ತಿರಲಿಲ್ಲ. ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಮಾಫಿ ಸಾಕ್ಷಿಯ ಮಾತೊಂದರ ಮೇಲೆ ಶಿಕ್ಷೆ ಕೊಟ್ಟರೆ ಕಾನೂನುಬಾಹಿರ ಆಗುವುದಿಲ್ಲ, ಆದರೆ ಬೇರೆ ಕಡೆಯಿಂದ ಪುಷ್ಟಿ ಇಲ್ಲದೆ ಯಾವ ಜಡ್ಜೂ ಅದನ್ನು ನೆಚ್ಚಿಕೊಳ್ಳುವುದಿಲ್ಲ. ತಾನೂ ಸಂಚಿನಲ್ಲಿದ್ದು, ತಾನು ಪಾರಾಗಲು ಉಳಿದವರನ್ನು ತೋರಿಸುವವನ ಮಾತು ಅದು. ಇನ್ನು ಮದ್ದು. ಅದು ಸಿಕ್ಕಿದ್ದು ಬರೋಡಾದಲ್ಲಿ. ಪಾಟ್ನಾ, ಬೆಂಗಳೂರು, ಕಲ್ಕತ್ತಾದ ಆರೋಪಿಗಳಿಗೆ ಅದನ್ನು ಜೋಡಿಸುವುದು ಸಂಚಿನ ಎಳೆಯಿಂದ ಮಾತ್ರ ಸಾಧ್ಯ.

ಚೇಂಬರಿನಲ್ಲಿ ಒಬ್ಬ ಜೂನಿಯರ್ ಕೇಳಿದ್ದು ಇದೇ.

"ಸರ, ಮದ್ದು ಸಿಕ್ಕದ, ಮಾಫಿ ಸಾಕ್ಷಿ ಅದಾನ. ಮತ್ತ ಕೇಸ್ ಯಾಕ ಬಿಟ್ರು?"

"ಸಿಕ್ಕದ ಅಂದ್ರ ಸಾಬೀತ ಆಗೇದ ಅಂತಲ್ಲಪಾ. ಅಲ್ಲೀಮಟಾ ಕೇಸ್ ಹೋಗಲೇ ಇಲ್ಲ."

ಚಾರ್ಜ್‌ಶೀಟ್

1976ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಚೀಫ್ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಮುಂದೆ ಚಾರ್ಜ್‌ಶೀಟ್ ಬಂತು. ಆಗಿನ ದಂಡ ಸಂಹಿತೆಯ (ಐಪಿಸಿ) 121ಎ, 120ಬಿ, ಜೊತೆಗೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ. 121ಎ ಅಂದರೆ ಬಲಪ್ರಯೋಗದಿಂದ ಸರ್ಕಾರವನ್ನು ಬೆದರಿಸುವ ಸಂಚು. ಜೀವಾವಧಿ ಶಿಕ್ಷೆಯವರೆಗೆ ಹೋಗಬಹುದಿತ್ತು.

ಈ 1908ರ ಕಾಯ್ದೆಯ ಹುಟ್ಟು ನೋಡಿ. ಆ ವರ್ಷ ಏಪ್ರಿಲ್ 30ರಂದು ಬಿಹಾರದ ಮುಜಫ್ಫರಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಬಾಂಬ್ ಎಸೆದರು. ಗುರಿ ನ್ಯಾಯಾಧೀಶ ಕಿಂಗ್ಸ್‌ಫೋರ್ಡ್. ಸತ್ತವರು ಬೇರೆ ಗಾಡಿಯಲ್ಲಿದ್ದ ಇಬ್ಬರು ಹೆಂಗಸರು. ಎರಡು ತಿಂಗಳೊಳಗೆ, ಜೂನ್‌ನಲ್ಲಿ, ಬ್ರಿಟಿಷ್ ಸರ್ಕಾರ ಈ ಕಾಯ್ದೆ ತಂದಿತು. ಅದೇ ಕಾಯ್ದೆಯ ಆರೋಪಿಯಾಗಿ ಜೈಲಿನಲ್ಲಿದ್ದ ಜಾರ್ಜ್ 1977ರಲ್ಲಿ ಲೋಕಸಭೆಗೆ ನಿಂತದ್ದು ಅದೇ ಮುಜಫ್ಫರಪುರದಿಂದ. ಮೂರು ಲಕ್ಷಕ್ಕೂ ಮಿಕ್ಕಿದ ಮತಗಳ ಅಂತರದಿಂದ ಗೆದ್ದರು. ಪ್ರಚಾರಕ್ಕೆ ಅವರು ಹೋಗಿಲ್ಲ, ಸಂಕೋಲೆಯ ಫೋಟೊ ಹೋಗಿತ್ತು.

ಜಾರ್ಜ್ ಪರ ವಕೀಲರ ತಂಡದಲ್ಲಿ ಸ್ವರಾಜ್ ಕೌಶಲ್ ಮತ್ತು ಸುಷ್ಮಾ ಸ್ವರಾಜ್ ಇದ್ದರು. ಹೌದು, 1999ರಲ್ಲಿ ಬಳ್ಳಾರಿಯಲ್ಲಿ ಕನ್ನಡದಲ್ಲಿ ಭಾಷಣ ಮಾಡಿದ ಅದೇ ಸುಷ್ಮಾ.

ಒಂದು ಸಣ್ಣ ತಾಂತ್ರಿಕ ವಿಷಯವನ್ನು ಇಲ್ಲಿ ಗಮನಿಸಬೇಕು, ಮುಂದೆ ಬೇಕಾಗುತ್ತದೆ. 121ಎ ಕೇಸನ್ನು ಕೋರ್ಟು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಮಂಜೂರಾತಿ ಬೇಕಿತ್ತು. ಸ್ಫೋಟಕ ಕಾಯ್ದೆಯ 7ನೇ ಸೆಕ್ಷನ್ನಿನಡಿಯೂ ಆಗ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಿತ್ತು. ಕಳ್ಳತನದ ಕೇಸಿಗೆ, ಕೊಲೆ ಕೇಸಿಗೆ ಯಾವ ಮಂತ್ರಿಯ ಸಹಿಯೂ ಬೇಡ. ರಾಜಕೀಯದ ವಾಸನೆ ಇರುವ ಇಂಥ ಕೇಸಿಗೆ ಬೇಕು. ಅಂದರೆ ಬಾಗಿಲು ತೆರೆಯುವ ಚಾವಿ ಮೊದಲಿನಿಂದಲೂ ಸರ್ಕಾರದ ಕೈಯಲ್ಲೇ ಇತ್ತು.

ಮಾರ್ಚ್ 26

1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಮುಗಿಯಿತು. 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿ. 26ರಂದು ವಿಶೇಷ ಸರ್ಕಾರಿ ವಕೀಲರು, ಕೇಸು ವಾಪಸಾತಿಗೆ ದಾರಿ ಕೊಡುವ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 321ನೇ ಸೆಕ್ಷನ್ನಿನಡಿ ಅರ್ಜಿ ಹಾಕಿದರು. ಸಾರ್ವಜನಿಕ ಹಿತ, ಬದಲಾದ ಸನ್ನಿವೇಶ, ಆದ್ದರಿಂದ ಕೇಸು ಹಿಂದಕ್ಕೆ ಪಡೆಯಲು ಅನುಮತಿ ಕೊಡಿ ಎಂಬುದು ಅದರ ಸಾರ. ಮ್ಯಾಜಿಸ್ಟ್ರೇಟ್ ಅದೇ ದಿನ ಒಪ್ಪಿದರು. ಜಾರ್ಜ್ ಕೇಂದ್ರ ಮಂತ್ರಿಯಾದರು.

ಕೇಸು ನಡೆಸಬಾರದಿತ್ತು ಎಂಬ ವಾದಕ್ಕೆ ನನ್ನ ಒಪ್ಪಿಗೆ ಇದೆ. ತನಿಖೆಯೇ ಕೊಳೆತಿತ್ತು. ತಮ್ಮನ ಕಾಲು ಮುರಿಯುವಷ್ಟು ಹೊಡೆದು ಕಟ್ಟಿದ ಕೇಸನ್ನು ಹೊಸ ಸರ್ಕಾರ ಯಾಕೆ ಹೊತ್ತುಕೊಳ್ಳಬೇಕು? ಆದರೆ ಅರ್ಜಿಯಲ್ಲಿ ಇದೊಂದನ್ನೂ ಆಧಾರವಾಗಿ ನಿಲ್ಲಿಸಲಿಲ್ಲ. ಸನ್ನಿವೇಶ ಬದಲಾಗಿದೆ ಅಂದರು. ಬದಲಾಗಿದ್ದು ಏನು? ಸರ್ಕಾರ. ಆರೋಪಿಯೇ ಸರ್ಕಾರದ ಭಾಗ ಆಗಿದ್ದ. ಅರ್ಜಿಯನ್ನು ಒಂದು ವಾರ ಇಟ್ಟುಕೊಂಡು, ಲಾರೆನ್ಸ್ ಮೈಮೇಲಿನ ಗಾಯದ ವೈದ್ಯಕೀಯ ದಾಖಲೆ ತರಿಸಿ, ಮಾಫಿ ಸಾಕ್ಷಿಗಳ ಹೇಳಿಕೆ ಹೇಗೆ ಬಂತು ಎಂದು ಕೇಳಿ, ಆಮೇಲೆ ಒಪ್ಪಿದ್ದರೆ ಆ ಆದೇಶಕ್ಕೆ ಬೇರೆಯದೇ ತೂಕ ಬರುತ್ತಿತ್ತು.

ರಾಜೇಂದ್ರ ಕುಮಾರ್ ಜೈನ್ ಎಂಬ ವಕೀಲರು ಈ ವಾಪಸಾತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1980ರ ಮೇ 2ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಅಷ್ಟು ಹೊತ್ತಿಗೆ ಇಂದಿರಾ ಗಾಂಧಿ ಮತ್ತೆ ಪ್ರಧಾನಿಯಾಗಿದ್ದರು.

ತೀರ್ಪಿನ ಮುಖ್ಯ ಮಾತುಗಳು ಇಷ್ಟು. ವಾಪಸಾತಿಯ ಅಧಿಕಾರ ಸರ್ಕಾರಿ ವಕೀಲರದ್ದು, ಸರ್ಕಾರದ್ದಲ್ಲ. ಸರ್ಕಾರ ಸಲಹೆ ಕೊಡಬಹುದು, ಒತ್ತಾಯ ಮಾಡುವಂತಿಲ್ಲ. ಸಾಕ್ಷ್ಯ ಸಾಲದು ಎಂಬುದೊಂದೇ ಕಾರಣ ಆಗಬೇಕಿಲ್ಲ. ವಿಶಾಲವಾದ ಸಾರ್ವಜನಿಕ ನ್ಯಾಯದ ದೃಷ್ಟಿಯಿಂದ ಸಾಮಾಜಿಕ, ಆರ್ಥಿಕ, ರಾಜಕೀಯ ಕಾರಣವೂ ನಡೆಯುತ್ತದೆ. ಅಪರಾಧ ರಾಜಕೀಯದ್ದು ಅಂದ ಮಾತ್ರಕ್ಕೆ ಅಪರಾಧಿ ಮುಕ್ತನಾಗುವುದಿಲ್ಲ, ಆದರೆ ಕೇಸು ಬಿಡಲು ಅದು ಒಂದು ಕಾರಣ ಆಗಬಲ್ಲದು. ಕೋರ್ಟಿನ ಕೆಲಸ ಆ ಕಾರಣಗಳನ್ನು ಮತ್ತೆ ತೂಗುವುದಲ್ಲ. ಸರ್ಕಾರಿ ವಕೀಲರು ಸ್ವತಂತ್ರವಾಗಿ ಯೋಚಿಸಿ ಬಂದಿದ್ದಾರೆಯೇ ಎಂದು ನೋಡುವುದು.

ರಾಜಕೀಯ ಕಾರಣಕ್ಕೆ ಒಂದು ಮಿತಿಯನ್ನೂ ಹಾಕಿದರು. ಟ್ಯಾಮನಿ ಹಾಲ್ ವ್ಯವಹಾರ ಆಗಬಾರದು ಅಂದರು. ಟ್ಯಾಮನಿ ಹಾಲ್ ಅಂದರೆ ನ್ಯೂಯಾರ್ಕಿನಲ್ಲಿ ತನ್ನವರಿಗೆ ಬೇಕಾದ್ದು ಮಾಡಿಕೊಡುತ್ತಿದ್ದ ಪಕ್ಷದ ಕೂಟ. ಈ ಮಿತಿಯನ್ನು ಅಳೆಯುವುದು ಹೇಗೆ ಅಂತ ಮಾತ್ರ ಯಾರಿಗೂ ಹೊಳೆದಿಲ್ಲ.

ಅದೇ ತೀರ್ಪಿನಲ್ಲಿ ಇನ್ನೊಂದು ವಾಪಸಾತಿಯೂ ಇತ್ತು, ಇದನ್ನು ಬಹಳ ಜನ ಮರೆಯುತ್ತಾರೆ. ತುರ್ತು ಪರಿಸ್ಥಿತಿಯ ರಕ್ಷಣಾ ಮಂತ್ರಿ ಬನ್ಸಿ ಲಾಲ್ ಮೇಲೆ ಹರಿಯಾಣದಲ್ಲಿದ್ದ ಕೇಸು. ಅಲ್ಲಿಯೂ ರಾಜಕೀಯ ತಿರುಗಿದ ಮೇಲೆ ಸರ್ಕಾರಿ ವಕೀಲರು ಹಿಂದೆ ಸರಿದಿದ್ದರು. ಕೋರ್ಟು ಎರಡನ್ನೂ ಎತ್ತಿಹಿಡಿಯಿತು. ತುರ್ತು ಪರಿಸ್ಥಿತಿಯ ವಿರುದ್ಧ ಮದ್ದು ಕೂಡಿಟ್ಟ ಆರೋಪ ಹೊತ್ತವರಿಗೂ, ಅದನ್ನು ನಡೆಸಿದ ಕೂಟದ ಮಂತ್ರಿಗೂ ಒಂದೇ ದಿನ, ಒಂದೇ ನಿಯಮ. ತರ್ಕದಲ್ಲಿ ತಪ್ಪಿಲ್ಲ. ಅದಕ್ಕೇ ಇರುಸುಮುರುಸು ಜಾಸ್ತಿ.

ಅಷ್ಟು ದೊಡ್ಡ ಹೆಸರಿಲ್ಲದವರ ಗತಿ

ಎಡಪಂಥದ ಎಲ್ಲರಿಗೂ ಈ ಬಾಗಿಲು ತೆರೆಯಲಿಲ್ಲ. 1975ರ ಡಿಸೆಂಬರ್ 1ರಂದು ಹೈದರಾಬಾದಿನ ಮುಷೀರಾಬಾದ್ ಜೈಲಿನಲ್ಲಿ ಭೂಮಯ್ಯ ಮತ್ತು ಕಿಷ್ಟಾ ಗೌಡ್ ಎಂಬ ಇಬ್ಬರು ನಕ್ಸಲ್ ರೈತರನ್ನು ಗಲ್ಲಿಗೇರಿಸಿದರು. ಭೂಮಾಲೀಕರ ಕೊಲೆ ಕೇಸು ಅದು. ನಮ್ಮದು ರಾಜಕೀಯ ಅಪರಾಧ, ಗಲ್ಲು ಬೇಡ ಎಂದು ಅವರ ಪರವಾಗಿ ಕೇಳಿದ್ದನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೊಲೆಗೂ ಸಿಡಿಯದೆ ಸಿಕ್ಕ ಮದ್ದಿಗೂ ವ್ಯತ್ಯಾಸ ಇದೆ, ನಿಜ. ಆದರೆ ಬರೋಡಾ ಕೇಸಿನ ಆರೋಪಿಗಳಿಗೆ ಯುರೋಪಿನ ನಾಯಕರು, ದೊಡ್ಡ ವಕೀಲರು, ಮುಂದೆ ಒಂದು ಇಡೀ ಸರ್ಕಾರ ಸಿಕ್ಕಿತು. ಮುಂದೆ ಪಟವಾರಿ ತಮಿಳುನಾಡಿಗೆ, ವೀರೇನ್ ಶಾ ಪಶ್ಚಿಮ ಬಂಗಾಳಕ್ಕೆ ರಾಜ್ಯಪಾಲರಾದರು. ಜಾರ್ಜ್ 1989ರಲ್ಲಿ ರೈಲ್ವೆ ಮಂತ್ರಿ, 1998ರಲ್ಲಿ ರಕ್ಷಣಾ ಮಂತ್ರಿ. ಹಳಿ ಮುರಿಯುವ ಸಂಚಿನ ಆರೋಪಿ ಕೊಂಕಣದ ಹಳಿ ಹಾಸಲು ಹೊರಟದ್ದು ನಮ್ಮ ರಾಜಕೀಯದಲ್ಲಿ ಮಾತ್ರ ಸಾಧ್ಯ!

ನಮ್ಮ ಜಿಲ್ಲೆಗಳಲ್ಲಿ ಈ ಮಾತು ಎತ್ತಿದರೆ ಯಾರಾದರೊಬ್ಬರು ಮೈಲಾರ ಮಹಾದೇವಪ್ಪನವರನ್ನು ನೆನೆಸದೆ ಇರುವುದಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಕಡೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಿದ್ದರು. ಹಾವೇರಿಯ ರೈಲು ನಿಲ್ದಾಣಕ್ಕೆ ಇವತ್ತು ಮಹಾದೇವಪ್ಪನವರ ಹೆಸರಿದೆ. 1942ರಲ್ಲಿ ತಂತಿ ಕತ್ತರಿಸಿ, ಹಳಿ ಕಿತ್ತ ಸೋಷಲಿಸ್ಟರ ಪರಂಪರೆಯಲ್ಲೇ ಬೆಳೆದವರು ಜಾರ್ಜ್ ಕೂಡ. ಹೋಲಿಕೆ ಅಲ್ಲಿಯವರೆಗೆ ಸರಿ. ಆದರೆ ಮಹಾದೇವಪ್ಪನವರಿಗೆ ಮತ ಹಾಕಿ ಸರ್ಕಾರ ಬದಲಿಸುವ ದಾರಿ ಇರಲೇ ಇಲ್ಲ. 1975ರಲ್ಲಿ ಆ ದಾರಿ ಮುಚ್ಚಿತ್ತು, 1977ರಲ್ಲಿ ತೆರೆಯಿತು, ಅದೇ ದಾರಿಯಲ್ಲಿ ಜಾರ್ಜ್ ಹೊರಗೆ ಬಂದರು. ಮುಚ್ಚಿದ್ದಾಗ ಅದು ಮತ್ತೆ ತೆರೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು ಎಂದು ಅವರ ಕಡೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಹಳೇ ಹುಬ್ಬಳ್ಳಿಗೆ ಬಂದ 321

2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆ ಮುಂದೆ ಗಲಭೆ ಆಯಿತು. ಕಲ್ಲು ಬಿದ್ದವು, ಪೊಲೀಸರಿಗೆ ಗಾಯ ಆಯಿತು, ನೂರಕ್ಕೂ ಹೆಚ್ಚು ಜನರ ಬಂಧನ ಆಯಿತು, ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆ ಹಾಕಿದರು. ಅದು ಬಾಂಬ್ ಕೇಸಲ್ಲ, ಎಡಪಂಥಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದರಲ್ಲಿ ಯಾರು ತಪ್ಪಿತಸ್ಥರು ಎಂಬುದು ಇಲ್ಲಿಯ ಮಾತಲ್ಲ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಾಪಸ್ ಪಡೆಯಲು ತೀರ್ಮಾನಿಸಿದ 43 ಕೇಸುಗಳಲ್ಲಿ ಅದೂ ಒಂದು. ಹೋರಾಟಗಾರರು, ರಾಜಕಾರಣಿಗಳ ಮೇಲಿನ ಕೇಸುಗಳೂ ಪಟ್ಟಿಯಲ್ಲಿದ್ದವು. ಊರಿನಲ್ಲಿ ಒಬ್ಬರು ಮತಬ್ಯಾಂಕ್ ಅಂದರು, ಇನ್ನೊಬ್ಬರು ಅಮಾಯಕ ಹುಡುಗರು ಎಷ್ಟು ದಿನ ಒಳಗಿರಬೇಕು ಅಂದರು. 2025ರ ಮೇ 29ರಂದು ಹೈಕೋರ್ಟು ಆ ಸರ್ಕಾರಿ ಆದೇಶವನ್ನು ರದ್ದು ಮಾಡಿತು.

ಬರೋಡಾ ಕೇಸು ಓದಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಇಲ್ಲಿ ಮೊದಲು ಬಂದದ್ದು ಸಚಿವ ಸಂಪುಟದ ತೀರ್ಮಾನ, ಆಮೇಲೆ ಆದೇಶ, ಸರ್ಕಾರಿ ವಕೀಲರು ಕೊನೆಗೆ. 1980ರ ತೀರ್ಪು ಕೇಳುವುದು ಫೈಲು ಓದಿ ಸ್ವಂತ ತೀರ್ಮಾನಕ್ಕೆ ಬಂದ ಸರ್ಕಾರಿ ವಕೀಲರನ್ನು. ಹಾಗಂತ 1977ರಲ್ಲಿ ದೆಹಲಿಯ ವಕೀಲರು ಎರಡೇ ದಿನದಲ್ಲಿ ಫೈಲೆಲ್ಲ ಓದಿ ಸ್ವಂತ ಬುದ್ಧಿಯಿಂದ ಅರ್ಜಿ ಹಾಕಿದರು ಎಂದು ನಂಬುವವರು ಹುಬ್ಬಳ್ಳಿ ಬಾರ್‌ನಲ್ಲಿ ಎಷ್ಟು ಜನ ಸಿಗುತ್ತಾರೆ? ಆಗ ನಡೆಯಿತು, ಈಗ ನಡೆಯಲಿಲ್ಲ. ನಡುವೆ ಕೋರ್ಟುಗಳು ಬಿಗಿ ಮಾಡಿಕೊಂಡಿವೆ. 2021ರಲ್ಲಿ ಕೇರಳ ವಿಧಾನಸಭೆಯೊಳಗೆ ದಾಂಧಲೆ ಮಾಡಿದ ಶಾಸಕರ ಕೇಸನ್ನು ಹಿಂದಕ್ಕೆ ಪಡೆಯಲು ಸುಪ್ರೀಂ ಕೋರ್ಟು ಬಿಡಲಿಲ್ಲ. ಅದೇ ವರ್ಷ, ಸಂಸದರು ಮತ್ತು ಶಾಸಕರ ಮೇಲಿನ ಕೇಸುಗಳನ್ನು ಹೈಕೋರ್ಟಿನ ಅನುಮತಿ ಇಲ್ಲದೆ ವಾಪಸ್ ಪಡೆಯಬಾರದು ಎಂದೂ ಹೇಳಿತು. ಈ ನಿಯಮ 1977ರಲ್ಲಿ ಇದ್ದಿದ್ದರೆ ಮುಜಫ್ಫರಪುರದ ಹೊಸ ಸಂಸದರ ಫೈಲು ಮ್ಯಾಜಿಸ್ಟ್ರೇಟ್ ಮೇಜಿನಿಂದ ಅದೇ ಸಂಜೆ ಕೆಳಗಿಳಿಯುತ್ತಿರಲಿಲ್ಲ.

2024ರ ಜುಲೈ 1ರಿಂದ 321ರ ಜಾಗದಲ್ಲಿ ಹೊಸ ಸಂಹಿತೆಯ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, 360ನೇ ಸೆಕ್ಷನ್ ಬಂದಿದೆ. ಅದರಲ್ಲಿ ಒಂದು ಸಾಲು ಹೊಸದು. ಸಂತ್ರಸ್ತರಿಗೆ ಮಾತಾಡಲು ಅವಕಾಶ ಕೊಡದೆ ಕೋರ್ಟು ವಾಪಸಾತಿಗೆ ಒಪ್ಪುವಂತಿಲ್ಲ. ಕಲ್ಲೇಟು ತಿಂದ ಕಾನ್‌ಸ್ಟೇಬಲ್, ಅಂಗಡಿ ಸುಟ್ಟುಕೊಂಡವರು ಇಂಥ ಕಡೆ ಬಂದು ಮಾತಾಡಬಹುದು. ಬರೋಡಾದಂಥ ಕೇಸಿನಲ್ಲಿ ಕೋರ್ಟು ಯಾರನ್ನು ಕರೆಯಬೇಕು? ಹಿಡಿದ ಮದ್ದಿನಿಂದ ಪೆಟ್ಟಾದವರು ಇಲ್ಲ. ಪೆಟ್ಟಾದದ್ದು ಲಾರೆನ್ಸ್‌ಗೆ, ಪ್ರಾಣ ಹೋದದ್ದು ಸ್ನೇಹಲತಾ ಅವರದ್ದು. ಆ ಸಂತ್ರಸ್ತರು ಇದ್ದದ್ದು ಆರೋಪಿಗಳ ಕಡೆ, ಮತ್ತು 360ನೇ ಸೆಕ್ಷನ್ನಿನ ಭಾಷೆಯಲ್ಲಿ ಅವರು ಆ ಕೇಸಿನ ಸಂತ್ರಸ್ತರೇ ಅಲ್ಲ.